ಗಾಡಿ ಸೈಡಿಗೆ ಹಾಕಿ ಅಂದಾಗ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ಟ್ರಾಫಿಕ್ ಪೊಲೀಸರು ನಿಲ್ಲಿಸಿದರು, ಹೀಗಂದರು, ಹಾಗೆ ಮಾಡಿದರು, ಇದು ಸರೀನಾ ಸರ್ ಅಂತ. ಶಿವಮೊಗ್ಗ ಪೇಟೆಯಿಂದ ಆಗುಂಬೆವರೆಗೆ ಎಲ್ಲ ಕಡೆಯವರೂ ಬರೆದಿದ್ದಾರೆ. ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಕೆಳಗೆ ಅದೇ ತಿರುಗಿ ತಿರುಗಿ ಬರುತ್ತದೆ. ನಿಮ್ಮ ಕೈಯಿಂದ ಪೊಲೀಸರ ಕೈಗೆ ಏನೇ ಹೋಗಲಿ, ದುಡ್ಡಾಗಲಿ, ಲೈಸೆನ್ಸ್ ಆಗಲಿ, ಗಾಡಿಯೇ ಆಗಲಿ, ಅದಕ್ಕೆ ಒಂದು ಕಾಗದ ನಿಮ್ಮ ಕೈಗೆ ಬರಲೇಬೇಕು.

ನಾನು ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಿದ್ದೇನೆ. ಕಳೆದ ವಾರ ಒಂದು ಸರ್ಕಲ್‌ನಲ್ಲಿ ಪೊಲೀಸರು ಬೈಕ್ ನಿಲ್ಲಿಸಿದರು. ಹೆಲ್ಮೆಟ್ ಹಾಕಿದ್ದೆ. ನಿಲ್ಲಿಸಿದ ತಕ್ಷಣ ಕೀ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡರು. ಮೊಬೈಲ್‌ನಲ್ಲಿ ಲೈಸೆನ್ಸ್ ತೋರಿಸಿದರೆ ಒರಿಜಿನಲ್ ತಾ ಅಂದರು. ಅವರಿಗೆ ಆ ಅಧಿಕಾರ ಇದೆಯಾ?
– ವಿದ್ಯಾರ್ಥಿ, ತೀರ್ಥಹಳ್ಳಿ

ಮೂರು ಪ್ರಶ್ನೆ ಇದರಲ್ಲಿ ಸೇರಿಕೊಂಡಿವೆ, ಒಂದೊಂದಾಗಿ ನೋಡೋಣ.

ನಿಲ್ಲಿಸಿ ದಾಖಲೆ ಕೇಳುವ ಅಧಿಕಾರ ಇದೆ. 1988ರ ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಪ್ರಕಾರ ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಕೇಳಿದರೆ ಲೈಸೆನ್ಸ್ ತೋರಿಸಬೇಕು. 'ಸಮವಸ್ತ್ರದಲ್ಲಿರುವ' ಅನ್ನೋ ಮಾತು ಕಾಯ್ದೆಯಲ್ಲೇ ಇದೆ, ಗಮನಿಸಿ. ಬನಿಯನ್ ಮೇಲೆ ಜರ್ಕಿನ್ ಹಾಕಿಕೊಂಡು ಬಂದವರು ನಾನು ಪೊಲೀಸ್ ಅಂದರೆ ಗುರುತಿನ ಚೀಟಿ ತೋರಿಸಿ ಸರ್ ಅಂತ ಧೈರ್ಯವಾಗಿ ಕೇಳಬಹುದು. 2022ರ ಜೂನ್‌ನಲ್ಲಿ ಆಗಿನ ರಾಜ್ಯ ಪೊಲೀಸ್ ಮುಖ್ಯಸ್ಥರು, ಅಂದರೆ ಡಿಜಿಪಿ, ಪ್ರವೀಣ್ ಸೂದ್ ಅವರು ಬೆಂಗಳೂರು ಪೊಲೀಸರಿಗೆ ಒಂದು ಸೂಚನೆ ಕೊಟ್ಟಿದ್ದರು. ಕಣ್ಣಿಗೆ ಕಾಣುವ ತಪ್ಪು ಇಲ್ಲದಿದ್ದರೆ ಬರೀ ದಾಖಲೆ ನೋಡೋದಕ್ಕೆ ಅಂತ ಗಾಡಿ ನಿಲ್ಲಿಸಬೇಡಿ, ಕುಡಿದು ಓಡಿಸುವವರ ತಪಾಸಣೆ ಮಾತ್ರ ಬೇರೆ ಅಂತ. ಒಳ್ಳೆಯ ಸೂಚನೆ. ಆದರೆ ಅದು ಇಲಾಖೆಯೊಳಗಿನ ಸೂಚನೆ, ಅದರಿಂದ 130ನೇ ಸೆಕ್ಷನ್ ಅಳಿಸಿಹೋಗಿಲ್ಲ. ಹಾಗಾಗಿ ರಸ್ತೆ ಮಧ್ಯೆ ನಿಂತು ಡಿಜಿಪಿ ಹೇಳಿದ್ದಾರೆ, ನೀವು ನಿಲ್ಲಿಸೋ ಹಾಗಿಲ್ಲ ಅಂತ ವಾದ ಹೂಡಬೇಡಿ. ನಿಲ್ಲಿಸಿ ಅಂದರೆ ನಿಲ್ಲಿಸಿ. ಎಡಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ, ಹೆಲ್ಮೆಟ್ ತೆಗೆದು ಮಾತಾಡಿ. ತಪ್ಪಿಸಿಕೊಂಡು ಓಡಿದರೆ 500 ರೂಪಾಯಿಯಲ್ಲಿ ಮುಗಿಯುವುದು ಆಸ್ಪತ್ರೆಯಲ್ಲಿ ಮುಗಿಯಬಹುದು.

ಕೀ ಕಿತ್ತುಕೊಳ್ಳುವ ಅಧಿಕಾರ ಇಲ್ಲ. ಕಾಯ್ದೆಯಲ್ಲಿ ಎಲ್ಲೂ ಹಾಗೆ ಬರೆದಿಲ್ಲ. ಲೈಸೆನ್ಸ್ ವಶಕ್ಕೆ ತೆಗೆದುಕೊಳ್ಳಲು ಒಂದು ಸೆಕ್ಷನ್ ಇದೆ, ಗಾಡಿ ವಶಕ್ಕೆ ತೆಗೆದುಕೊಳ್ಳಲು ಇನ್ನೊಂದು ಇದೆ, ಕೀಗೆ ಅಂತ ಯಾವುದೂ ಇಲ್ಲ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ತಪಾಸಣೆಗೆ ಬೈಕ್ ತಡೆದಾಗ ಬಿದ್ದು ಒಂದು ಪುಟ್ಟ ಮಗು ಸತ್ತುಹೋಯಿತು, ನೆನಪಿರಬಹುದು. ಆಸ್ಪತ್ರೆಗೆ ಅಂತ ಹೊರಟಿದ್ದ ಮಗು ಅದು. ಅದಾದ ಮೇಲೆ ಏಕಾಏಕಿ ಗಾಡಿಗೆ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು ಅಂತ ರಾಜ್ಯದ ಪೊಲೀಸರಿಗೆ ಮತ್ತೆ ಸೂಚನೆ ಹೋಯಿತು. ಹಾಗಾಗಿ ನಿಮ್ಮ ಕೀಗೆ ಕೈ ಹಾಕಿದರೆ, "ಸರ್, ನಾನು ಎಲ್ಲೂ ಓಡಿಹೋಗಲ್ಲ, ಕೀ ಕೊಡಿ, ದಾಖಲೆ ತೋರಿಸ್ತೀನಿ" ಅಂತ ಮೆತ್ತಗೆ ಹೇಳಿ. ಕೈಯಿಂದ ವಾಪಸ್ ಎಳೆಯಲು ಹೋಗಬೇಡಿ. ಎಳೆದಾಟ ಶುರುವಾದರೆ ಕೀ ವಿಷಯ ಹಿಂದಕ್ಕೆ ಹೋಗಿ ಕರ್ತವ್ಯಕ್ಕೆ ಅಡ್ಡಿ ಅನ್ನೋ ವಿಷಯ ಮುಂದಕ್ಕೆ ಬರುತ್ತದೆ.

ಇನ್ನು ಮೊಬೈಲ್ ದಾಖಲೆ. ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮವನ್ನು 2018ರಲ್ಲಿ ತಿದ್ದಿದ್ದಾರೆ. ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ, ಎಲ್ಲವನ್ನೂ ಕಾಗದದಲ್ಲಾದರೂ ತೋರಿಸಬಹುದು, ಎಲೆಕ್ಟ್ರಾನಿಕ್ ರೂಪದಲ್ಲಾದರೂ ತೋರಿಸಬಹುದು. ಸರ್ಕಾರದ ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆಪ್‌ನಲ್ಲಿ ಬಂದ ದಾಖಲೆ ಒರಿಜಿನಲ್‌ಗೆ ಸಮ. ಆದರೆ ಗ್ಯಾಲರಿಯಲ್ಲಿರುವ ಫೋಟೊ, ವಾಟ್ಸಾಪ್‌ನಲ್ಲಿ ಅಪ್ಪ ಕಳಿಸಿದ ಫೋಟೊ ನಡೆಯಲ್ಲ. ನೀವು ತೋರಿಸಿದ್ದು ಯಾವುದು ಅಂತ ಪತ್ರದಲ್ಲಿ ಬರೆದಿಲ್ಲ. ನಮ್ಮ ಹುಡುಗರು ಹತ್ತಕ್ಕೆ ಎಂಟು ಜನ ತೋರಿಸುವುದು ಗ್ಯಾಲರಿ ಫೋಟೊನೇ, ಆಮೇಲೆ ಡಿಜಿಲಾಕರ್ ಒಪ್ಪಲಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ಮತ್ತೆ ನಮ್ಮ ಕಡೆ ಇನ್ನೊಂದು ತೊಂದರೆ ಇದೆ ಅಲ್ವಾ, ನೆಟ್‌ವರ್ಕ್. ಮಂಡಗದ್ದೆ ದಾಟಿದ ಮೇಲೆ, ಹುಲಿಕಲ್ ಘಾಟಿಯಲ್ಲಿ, ಆಗುಂಬೆ ತಿರುವಿನಲ್ಲಿ ಆಪ್ ಸುತ್ತುತ್ತಲೇ ಇರುತ್ತದೆ, ತೆರೆಯುವುದಿಲ್ಲ. ಅದಕ್ಕೆ ಘಟ್ಟದ ಕಡೆ ಹೊರಡುವವರು ಲೈಸೆನ್ಸ್ ಕಾರ್ಡನ್ನು, ಮತ್ತೆ ಇನ್ಶೂರೆನ್ಸ್ ಪ್ರಿಂಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಸೀಟಿನ ಕೆಳಗೆ ಇಟ್ಟುಕೊಳ್ಳಿ. ಲೈಸೆನ್ಸ್ ಇದ್ದೂ ಮನೆಯಲ್ಲಿ ಬಿಟ್ಟು ಬಂದರೆ ಅದು ಸಣ್ಣ ತಪ್ಪು, 177ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ ಹೆಚ್ಚೆಂದರೆ 500 ರೂಪಾಯಿ. ಲೈಸೆನ್ಸೇ ಇಲ್ಲದಿದ್ದರೆ ಕಾಯ್ದೆಯಲ್ಲಿ 5,000. ಈ ಎರಡನ್ನೂ ಒಂದು ಮಾಡಿ ಹೆದರಿಸಿದರೆ, ನನ್ನ ಹತ್ತಿರ ಲೈಸೆನ್ಸ್ ಇದೆ, ನಂಬರ್ ಹಾಕಿ ನೋಡಿ ಸರ್ ಅಂತ ಹೇಳಿ.

ಮಗಳನ್ನು ಬಸ್ ಹತ್ತಿಸಲು ಸ್ಕೂಟಿಯಲ್ಲಿ ಹೋಗಿದ್ದೆ. ಹಿಂದೆ ಕೂತ ಮಗಳಿಗೆ ಹೆಲ್ಮೆಟ್ ಇರಲಿಲ್ಲ, ತಪ್ಪು ಒಪ್ಪಿಕೊಂಡೆ. ಐನೂರು ಕೊಡಿ ಅಂದರು, ಕೊಟ್ಟೆ. ರಸೀದಿ ಕೇಳಿದ್ದಕ್ಕೆ ರಸೀದಿ ಬೇಕಂದ್ರೆ ಜಾಸ್ತಿ ಆಗುತ್ತೆ ಅಂದರು. ಸುಮ್ಮನೆ ಬಂದೆ. ಮನಸ್ಸಿಗೆ ಕಿರಿಕಿರಿ ಹೋಗ್ತಾ ಇಲ್ಲ.
– ಗೃಹಿಣಿ, ಸಾಗರ

ಅಕ್ಕಾ, ನಿಮ್ಮ ಕಿರಿಕಿರಿ ನ್ಯಾಯವಾದದ್ದೇ. ಹೆಲ್ಮೆಟ್ ವಿಷಯದಲ್ಲಿ ತಪ್ಪು ನಿಮ್ಮದು, 129ನೇ ಸೆಕ್ಷನ್ ಹಿಂದೆ ಕೂತವರಿಗೂ ಅನ್ವಯಿಸುತ್ತದೆ. ಕೇಂದ್ರ 2019ರಲ್ಲಿ ಇದಕ್ಕೆ 1,000 ಮಾಡಿತ್ತು, ನಮ್ಮ ರಾಜ್ಯ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 500ಕ್ಕೆ ಇಳಿಸಿತು. ಅಂದರೆ ನಿಮ್ಮ ದಂಡವೇ 500. ರಸೀದಿ ಕೊಟ್ಟರೆ ಜಾಸ್ತಿ, ಕೊಡದಿದ್ದರೆ ಕಮ್ಮಿ ಅನ್ನೋ ಲೆಕ್ಕ ಯಾವ ಕಾನೂನಿನಲ್ಲೂ ಇಲ್ಲ. ರಸೀದಿ ಇಲ್ಲದ 500 ಸರ್ಕಾರಕ್ಕೆ ಹೋಗಿದೆ ಅನ್ನೋದಕ್ಕೆ ಯಾವ ಗುರುತೂ ಇಲ್ಲ, ನಾಳೆ ಅದೇ ತಪ್ಪಿಗೆ ನಿಮ್ಮ ನಂಬರ್ ಮೇಲೆ ಕೇಸು ಬಿದ್ದರೆ ಕಟ್ಟಿದ್ದೀನಿ ಅಂತ ತೋರಿಸಲು ನಿಮ್ಮ ಹತ್ತಿರ ಏನೂ ಇಲ್ಲ.

ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ರಸ್ತೆಯಲ್ಲಿ ಕಟ್ಟುವ ದಂಡ ಅಂದರೆ ರಾಜಿ. 200ನೇ ಸೆಕ್ಷನ್‌ನಲ್ಲಿ ಅದಕ್ಕೆ ಅವಕಾಶ ಕೊಟ್ಟಿದ್ದಾರೆ. ನೀವು ತಪ್ಪು ಒಪ್ಪಿ, ಸರ್ಕಾರ ಅಧಿಸೂಚನೆಯಲ್ಲಿ ಹೇಳಿದ ಮೊತ್ತವನ್ನು, ಅಧಿಸೂಚನೆಯಲ್ಲಿ ಹೇಳಿದ ದರ್ಜೆಯ ಅಧಿಕಾರಿಗೆ ಕಟ್ಟಿದರೆ ಕೇಸು ಅಲ್ಲಿಗೆ ಮುಗಿಯುತ್ತದೆ. ರಾಜಿ ಅಂದ ಮೇಲೆ ಬೇಡ ಅನ್ನುವ ಹಕ್ಕೂ ಇದೆ. ನಾನು ತಪ್ಪು ಮಾಡಿಲ್ಲ, ಕೇಸ್ ಹಾಕಿ, ಕೋರ್ಟಿನಲ್ಲಿ ನೋಡ್ಕೊಳ್ತೀನಿ ಅಂತ ಹೇಳಬಹುದು. ಕೈಯಲ್ಲಿ ದುಡ್ಡಿಲ್ಲದಿದ್ದರೂ ಅಷ್ಟೇ, ಚಲನ್ ಬರೆಸಿಕೊಂಡು ಬನ್ನಿ, ಆಮೇಲೆ ಆನ್‌ಲೈನ್‌ನಲ್ಲಿ ಕಟ್ಟಿ. ದುಡ್ಡು ಕೊಡೋವರೆಗೆ ಬಿಡಲ್ಲ ಅಂತ ನಿಲ್ಲಿಸಿಕೊಳ್ಳುವ ಹಾಗಿಲ್ಲ.

ನಾನು ವಕೀಲಿ ಶುರು ಮಾಡಿದ ವರ್ಷ ನಮ್ಮ ಊರಿನ ಒಬ್ಬರು ಅಡಿಕೆ ಬೆಳೆಗಾರರು ಸಮನ್ಸ್ ಹಿಡಿದುಕೊಂಡು ಬಂದಿದ್ದರು. ದಂಡ ಕಟ್ಟಿದ್ದೀನಿ ಮಾರಾಯ್ರೇ, ಇದ್ಯಾಕೆ ಮತ್ತೆ ಬಂತು ಅಂದರು. ರಸೀದಿ ಕೇಳಿದೆ. ಜರ್ಕಿನ್ನಿನ ಒಳಜೇಬಿನಿಂದ ನಾಲ್ಕು ಮಡಿಕೆಯ ಒಂದು ಚೀಟಿ ತೆಗೆದು ಮೇಜಿನ ಮೇಲೆ ಬಿಡಿಸಿದರು. ಪೂರ್ತಿ ಬಿಳಿ. ಪೊಲೀಸರ ಕೈಯಲ್ಲಿರುವ ರಸೀದಿ ಯಂತ್ರದಿಂದ ಬರುವ ಕಾಗದ ಬಿಸಿಗೆ ಅಚ್ಚಾಗುವಂಥದ್ದು, ಇಂಕು ಇರುವುದಿಲ್ಲ. ಮಳೆಗಾಲ ಪೂರ್ತಿ ಜೇಬಿನಲ್ಲಿ ಮೈಶಾಖಕ್ಕೆ, ಒದ್ದೆಗೆ ಸಿಕ್ಕಿ ಅಕ್ಷರವೆಲ್ಲ ಹಾರಿಹೋಗಿತ್ತು. ಕಿಟಕಿ ಹತ್ತಿರ ಹಿಡಿದು ಓರೆ ಮಾಡಿ ನೋಡಿದರೆ ಗಾಡಿ ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಮಸುಕಾಗಿ ಕಾಣುತ್ತಿತ್ತು. ಪ್ರಾಮಾಣಿಕವಾಗಿ ದಂಡ ಕಟ್ಟಿದ ಮನುಷ್ಯ, ರಸೀದಿಯನ್ನು ಜೋಪಾನವಾಗಿ ಇಟ್ಟುಕೊಂಡ ಮನುಷ್ಯ, ಆದರೂ ಎರಡನೇ ಸಲ ಕಟ್ಟಬೇಕಾಯಿತು. ಅವತ್ತಿನಿಂದ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ, ರಸೀದಿ ಕೈಗೆ ಬಂದ ತಕ್ಷಣ ಅಲ್ಲೇ ನಿಂತು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಅದರಲ್ಲಿ ಗಾಡಿ ನಂಬರ್, ತಪ್ಪು ಏನು, ಮೊತ್ತ ಎಷ್ಟು ಅಂತ ಸರಿಯಾಗಿ ಇದೆಯಾ ಓದಿ. ನಂಬರಿನಲ್ಲಿ ಒಂದು ಅಂಕಿ ತಪ್ಪಾದರೂ ಆ ದಂಡ ಇನ್ಯಾರದೋ ಗಾಡಿಗೆ ಸೇರುತ್ತದೆ.

ನಿಮ್ಮ ವಿಷಯದಲ್ಲಿ ದಿನ, ಹೊತ್ತು, ಜಾಗ ನೆನಪಿದ್ದರೆ ಒಂದು ಹಾಳೆಯಲ್ಲಿ ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಲಂಚದ ದೂರು ಲೋಕಾಯುಕ್ತಕ್ಕೂ ಕೊಡಬಹುದು. ಎದೆ ಮೇಲಿನ ಹೆಸರು ಪಟ್ಟಿ ನೋಡಿಕೊಂಡಿದ್ದರೆ ಇನ್ನೂ ಒಳ್ಳೆಯದು. ಮುಂದಿನ ಸಲ ಎಲ್ಲಕ್ಕಿಂತ ಮೊದಲು ಅದನ್ನು ಓದಿ.

ಬೈಕಿನಲ್ಲಿ ಸ್ಪೀಡ್ ಜಾಸ್ತಿ ಇತ್ತು ಅಂತ ನನ್ನ ಲೈಸೆನ್ಸ್ ತೆಗೆದುಕೊಂಡರು. ಸ್ಟೇಷನ್‌ಗೆ ಬಾ ಅಂದರು. ಎರಡು ಸಲ ಹೋದೆ, ಸಾಹೇಬರು ಇಲ್ಲ ಅಂತಾರೆ. ಈಗ ಗಾಡಿ ಓಡಿಸಬಹುದಾ?
– ಭದ್ರಾವತಿ

ಅವರು ಚೀಟಿ ಕೊಟ್ಟಿದ್ದರೆ ಓಡಿಸಬಹುದು. 206ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ವಶಕ್ಕೆ ತೆಗೆದುಕೊಂಡ ಅಧಿಕಾರಿ ತಾತ್ಕಾಲಿಕ ಸ್ವೀಕೃತಿ ಪತ್ರ ಕೊಡಬೇಕು, ಲೈಸೆನ್ಸ್ ವಾಪಸ್ ಬರುವವರೆಗೆ ಅದೇ ನಿಮ್ಮ ಲೈಸೆನ್ಸ್. ವೇಗ, ಅಪಾಯಕಾರಿ ಚಾಲನೆ, ಕುಡಿತ, ಹೆಲ್ಮೆಟ್ ಇಂಥ ಕೆಲವು ತಪ್ಪಿಗೆ ಲೈಸೆನ್ಸ್ ತೆಗೆದುಕೊಂಡು ಅಮಾನತು ಮಾಡಿ ಅಂತ ಆರ್‌ಟಿಒಗೆ ಕಳಿಸುವ ಅಧಿಕಾರ 2019ರಿಂದ ಇದೆ. ಆದರೆ ಚೀಟಿ ಕೊಡದೆ ಇಟ್ಟುಕೊಳ್ಳುವ ಅಧಿಕಾರ ಇಲ್ಲ. ನಿಮ್ಮ ಪತ್ರದಲ್ಲಿ ಚೀಟಿಯ ಮಾತೇ ಇಲ್ಲ, ಅದಕ್ಕೆ ಅನುಮಾನ. ಮೂರನೇ ಸಲ ಬರಿಗೈಯಲ್ಲಿ ಹೋಗಬೇಡಿ. ಯಾವತ್ತು, ಎಲ್ಲಿ, ಯಾರು ತೆಗೆದುಕೊಂಡರು ಅಂತ ಅರ್ಜಿ ಬರೆದುಕೊಂಡು ಹೋಗಿ, ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಸೀಲ್ ಬಿದ್ದ ಕಾಗದ ಕಂಡರೆ ಇಲ್ಲದ ಸಾಹೇಬರೂ ಎಷ್ಟೋ ಸಲ ಸಿಗುತ್ತಾರೆ.

ಗಾಡಿ ವಶಕ್ಕೂ ಇದೇ ಮಾತು. 207ನೇ ಸೆಕ್ಷನ್‌ನಲ್ಲಿ ಲೈಸೆನ್ಸ್ ಇಲ್ಲದೆ, ನೋಂದಣಿ ಇಲ್ಲದೆ, ಪರ್ಮಿಟ್ ಇಲ್ಲದೆ ಓಡಿಸುವಂಥ ತಪ್ಪಿಗೆ ಮಾತ್ರ ಗಾಡಿ ಹಿಡಿದಿಡಬಹುದು. ಲೈಸೆನ್ಸ್, ಪರ್ಮಿಟ್ ವಿಷಯಕ್ಕಾದರೆ ಗಾಡಿ ಬದಲು ಆರ್‌ಸಿ ಮಾತ್ರ ತೆಗೆದುಕೊಂಡು ಸ್ವೀಕೃತಿ ಕೊಟ್ಟು ಕಳಿಸಲೂ ಅದರಲ್ಲೇ ಅವಕಾಶ ಇದೆ. ತರಕಾರಿ, ಹಾಲು ಸಾಗಿಸುವವರು ಅದನ್ನು ಕೇಳಿಕೊಳ್ಳಬಹುದು.

ನನ್ನ ಮಗನಿಗೆ ಹದಿನಾರು. ಕಾಲೇಜು ಐದು ಕಿಲೋಮೀಟರ್, ಬಸ್ಸು ಬೆಳಿಗ್ಗೆ ಒಂದೇ. ಹಳ್ಳಿ ರಸ್ತೆಯಲ್ಲಿ ಸ್ಕೂಟಿ ಕೊಡ್ತೀನಿ, ಪೊಲೀಸರು ಹಿಡಿದರೆ ಏನಾಗುತ್ತೆ?
– ತಾಯಿ, ಹೊಸನಗರ ತಾಲ್ಲೂಕು

ಅಮ್ಮಾ, ನಿಮ್ಮ ಬಸ್ಸಿನ ಕಷ್ಟ ನನಗೆ ಗೊತ್ತು, ನಾನೂ ಒಂದೇ ಬಸ್ಸಿನ ಊರಿನಿಂದ ಬಂದವನು. ಆದರೂ ಕೊಡಬೇಡಿ. 199ಎ ಸೆಕ್ಷನ್ 2019ರಲ್ಲಿ ಸೇರಿದ್ದು. ಅದರಲ್ಲಿ ಶಿಕ್ಷೆ ಗಾಡಿ ಮಾಲೀಕರಿಗೆ ಅಥವಾ ತಂದೆ ತಾಯಿಗೆ, 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಮಗನಿಗೆ 25 ವರ್ಷ ಆಗೋವರೆಗೆ ಲೈಸೆನ್ಸ್ ಸಿಗುವುದಿಲ್ಲ. ಇದು ರಸ್ತೆಯಲ್ಲಿ ರಾಜಿ ಆಗುವ ಕೇಸಲ್ಲ, ಕೋರ್ಟಿಗೇ ಹೋಗಬೇಕು, ನಮ್ಮ ಜಿಲ್ಲೆಯ ಕೋರ್ಟುಗಳಲ್ಲೇ ಹೆತ್ತವರಿಗೆ 25,000 ದಂಡ ಬಿದ್ದ ಸುದ್ದಿ ಪೇಪರ್‌ನಲ್ಲಿ ಬರುತ್ತಲೇ ಇರುತ್ತದೆ. ಒಂದು ದಾರಿ ಇದೆ. 250 ವ್ಯಾಟ್‌ವರೆಗಿನ ಮೋಟರ್, ಗಂಟೆಗೆ 25 ಕಿಲೋಮೀಟರ್ ಮೀರದ ಬ್ಯಾಟರಿ ಸ್ಕೂಟರಿಗೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಅಂಗಡಿಯವರು ಬಾಯಲ್ಲಿ ಹೇಳಿದ್ದನ್ನು ನಂಬದೆ ಆ ಮಾಡೆಲ್‌ಗೆ ನೋಂದಣಿ ಬೇಡ ಅನ್ನೋ ಪ್ರಮಾಣಪತ್ರ ಕೇಳಿ ಪಡೆಯಿರಿ. ಹೆಲ್ಮೆಟ್ ಮಾತ್ರ ಹಾಕಿಸಿ.

ಮದುವೆ ಊಟ ಮುಗಿಸಿ ಬರುವಾಗ ಊದಿಸಿದರು. ನಾನು ಕುಡಿಯುವವನಲ್ಲ, ಕೆಮ್ಮಿನ ಸಿರಪ್ ಕುಡಿದಿದ್ದೆ. ಯಂತ್ರ ಏನೋ ತೋರಿಸಿತು. ಆಮೇಲೆ ಬಿಟ್ಟರು, ಆದರೆ ಬಿಡದಿದ್ದರೆ?
– ಶಿಕಾರಿಪುರ

ಬಾಯಲ್ಲಿ ಉಳಿದ ಸಿರಪ್ಪಿನ ಆಲ್ಕೋಹಾಲ್ ಯಂತ್ರಕ್ಕೆ ತಾಗುತ್ತದೆ. ಬಾಯಿ ಮುಕ್ಕಳಿಸಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಊದುತ್ತೀನಿ ಅಂತ ಕೇಳಿ. ಊದೋದೇ ಇಲ್ಲ ಅಂತ ಹಠ ಮಾಡಬೇಡಿ, ಅನುಮಾನಕ್ಕೆ ಕಾರಣ ಇದ್ದು ನೀವು ನಿರಾಕರಿಸಿದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಮೀರಿದರೆ ಮೊದಲ ಸಲಕ್ಕೆ 10,000 ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಇದಕ್ಕಾಗಿ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯರ ಹತ್ತಿರ ತಪಾಸಣೆ ಮಾಡಿಸಬೇಕು, ಮಾಡಿಸದಿದ್ದರೆ ಬಿಡಬೇಕು. 202ನೇ ಸೆಕ್ಷನ್. ಇದನ್ನು ಅಲ್ಲಿ ನೆನಪಿಸುವವರು ಬಹಳ ಕಮ್ಮಿ. ಸಿರಪ್ ಬಾಟಲಿ, ಡಾಕ್ಟರ ಚೀಟಿ ಜೇಬಿನಲ್ಲಿದ್ದರೆ ತೋರಿಸಿ.

ಹಳೆ ಸ್ಕೂಟರ್ ಮಾರಿ ಎರಡು ವರ್ಷ ಆಯ್ತು. ಈಗ ನನ್ನ ಮೊಬೈಲಿಗೆ ನಾಲ್ಕು ಚಲನ್ ಮೆಸೇಜ್ ಬಂದಿವೆ.
– ಕೊಪ್ಪ

ಆರ್‌ಸಿಯಲ್ಲಿ ಹೆಸರು ಯಾರದ್ದೋ ಕಾನೂನಿಗೆ ಮಾಲೀಕ ಅವರೇ. 2018ರಲ್ಲಿ ಸುಪ್ರೀಂ ಕೋರ್ಟ್ ಅಪಘಾತದ ಪರಿಹಾರದ ಕೇಸಿನಲ್ಲೂ ಇದನ್ನೇ ಹೇಳಿದೆ, ಅದು ಚಲನ್‌ಗಿಂತ ದೊಡ್ಡ ಭಯ. ಕೊಂಡವರನ್ನು ಹುಡುಕಿ ಮಾಲೀಕರ ಹೆಸರು ಬದಲಿಸುವ ಫಾರಂ 29, 30ಕ್ಕೆ ಸಹಿ ಹಾಕಿಸಿ ಆರ್‌ಟಿಒಗೆ ಕೊಡಿ. ಬಾಕಿ ದಂಡಕ್ಕೆ ರಾಜ್ಯ ಸರ್ಕಾರ ಆಗಾಗ ಅರ್ಧ ರಿಯಾಯಿತಿ ಕೊಡುತ್ತದೆ, 2023ರ ಫೆಬ್ರವರಿಯಲ್ಲಿ ಕೊಟ್ಟಿತ್ತು, 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಕೊಟ್ಟಿತ್ತು. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಬೇಡಿ, ಚಲನ್ ಹೆಸರಲ್ಲಿ ಮೋಸ ಬಹಳ ಇದೆ. ಪರಿವಾಹನ್ ವೆಬ್‌ಸೈಟಿಗೆ ನೀವೇ ಹೋಗಿ ಗಾಡಿ ನಂಬರ್ ಹಾಕಿ ನೋಡಿ.

ಸಂಜೆ ಏಳರ ಮೇಲೆ ಒಬ್ಬಳೇ ಬರುವಾಗ ನಿಲ್ಲಿಸಿ, ಸ್ಟೇಷನ್‌ಗೆ ಬನ್ನಿ ಅಂದರೆ ಹೋಗಲೇಬೇಕಾ?
– ನರ್ಸ್, ಶಿವಮೊಗ್ಗ

ಹೆಲ್ಮೆಟ್, ಸಿಗ್ನಲ್, ಇನ್ಶೂರೆನ್ಸ್ ಇಂಥ ತಪ್ಪಿಗೆ ಸ್ಟೇಷನ್ನಿಗೆ ಹೋಗುವ ಅಗತ್ಯವೇ ಇಲ್ಲ. ಇಲ್ಲೇ ಚಲನ್ ಬರೆಯಿರಿ ಅನ್ನಿ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ತೀರಾ ಅಸಾಮಾನ್ಯ ಸಂದರ್ಭವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಾಡಬೇಕು. 2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಬಂಧನ, ತನಿಖೆ ಹೇಗೆ ನಡೆಯಬೇಕು ಅಂತ ಹೇಳುವ ಕಾನೂನಿನ, 43ನೇ ಸೆಕ್ಷನ್‌ನಲ್ಲೂ ಇದಿದೆ. ನಿಮ್ಮ ಮೈ ತಪಾಸಣೆ ಮಹಿಳೆಯೇ ಮಾಡಬೇಕು. ದೀಪ ಇರುವ ಕಡೆ, ಅಂಗಡಿ ಇರುವ ಕಡೆ ಗಾಡಿ ನಿಲ್ಲಿಸಿ. ಮನೆಗೆ ಫೋನ್ ಮಾಡಿ ಸ್ಪೀಕರಿನಲ್ಲಿಡಿ. ವಿಡಿಯೊ ಮಾಡಬಾರದು ಅಂತ ಮೋಟಾರು ವಾಹನ ಕಾಯ್ದೆಯಲ್ಲಿ ಎಲ್ಲೂ ಇಲ್ಲ, ಅವರ ಕೆಲಸಕ್ಕೆ ಅಡ್ಡ ಬರದ ಹಾಗೆ ಮಾಡಿ. ತೊಂದರೆ ಅನ್ನಿಸಿದರೆ 112. ಮತ್ತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.

ಅಡಿಕೆ ಕೊನೆ (ಗೊನೆ) ಕೊಯ್ಲಿನ ಹೊತ್ತಲ್ಲಿ ಆಳುಗಳನ್ನು ಪಿಕಪ್‌ನಲ್ಲಿ ಕರ್ಕೊಂಡು ಬರ್ತೀವಿ. ಪೊಲೀಸರು ಹಿಡಿದು ದಂಡ ಹಾಕ್ತಾರೆ. ಬೇರೆ ಗಾಡಿ ಎಲ್ಲಿಂದ ತರೋದು? ಇದನ್ನ ಪ್ರಶ್ನೆ ಮಾಡಬಹುದಾ?
– ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು

ರಸೀದಿ ಕೇಳಬಹುದು, ಮೊತ್ತ ಸರಿಯಿದೆಯಾ ಅಂತ ಕೇಳಬಹುದು. ದಂಡವನ್ನು ಪ್ರಶ್ನೆ ಮಾಡಬೇಡಿ ಅಂತ ಕೈಮುಗಿದು ಹೇಳುತ್ತೇನೆ, ಇಲ್ಲಿ ಪೊಲೀಸರು ಸರಿ.

ಸರಕು ಗಾಡಿಯ ಇನ್ಶೂರೆನ್ಸ್ ಯಾರಿಗೆ ಅನ್ವಯಿಸುತ್ತದೆ ಗೊತ್ತಾ? ಚಾಲಕನನ್ನು ಬಿಟ್ಟರೆ, ಗಾಡಿಯಲ್ಲಿರುವ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಗೆ. ಸುಮ್ಮನೆ ಹತ್ತಿಸಿಕೊಂಡವರಿಗೆ ಇಲ್ಲ. ಸುಪ್ರೀಂ ಕೋರ್ಟ್ 2002ರಲ್ಲೇ ಆಶಾ ರಾಣಿ ಪ್ರಕರಣದಲ್ಲಿ ಇದನ್ನು ಸ್ಪಷ್ಟ ಮಾಡಿದೆ. ಒಂದು ತಿರುವಿನಲ್ಲಿ ಪಿಕಪ್ ಮಗುಚಿತು ಅಂತಿಟ್ಟುಕೊಳ್ಳಿ, ಹಿಂದೆ ನಿಂತ ಹನ್ನೆರಡು ಜನ, ಮರ ಹತ್ತಿ ಕೊನೆ ಕೊಯ್ಯುವ ಕೊನೆಗಾರ, ಹಗ್ಗ ಹಿಡಿಯುವವನು, ಅಡಿಕೆ ಸುಲಿಯಲು ಬಂದ ಹೆಂಗಸರು. ಕಂಪನಿ ಕೈ ಎತ್ತುತ್ತದೆ. ಕೆಲವು ಕೇಸಿನಲ್ಲಿ ಕಂಪನಿ ಮೊದಲು ಕಟ್ಟಲಿ ಅಂತ ಕೋರ್ಟ್ ಹೇಳಿದರೂ ಆಮೇಲೆ ಅದನ್ನು ಗಾಡಿ ಮಾಲೀಕನಿಂದಲೇ ವಸೂಲಿ ಮಾಡುತ್ತಾರೆ. ತೋಟ ಮಾರಿ ಪರಿಹಾರ ಕಟ್ಟಿದವರನ್ನು ನಾನು ನೋಡಿದ್ದೇನೆ, ತೋಟ ಮಾರಿದರೂ ಆ ಮನೆಗಳಿಗೆ ಸಾಕಾಗಲಿಲ್ಲ ಅನ್ನೋದನ್ನೂ ನೋಡಿದ್ದೇನೆ. ನಾಲ್ಕು ಮನೆಯವರು ಸೇರಿ ಕೊಯ್ಲಿನ ದಿನಗಳಿಗೆ ಪರ್ಮಿಟ್ ಇರುವ ಒಂದು ಟೆಂಪೊ ಟ್ರಾವೆಲರ್ ಅಥವಾ ಮ್ಯಾಕ್ಸಿಕ್ಯಾಬ್ ಮಾತಾಡಿಕೊಳ್ಳಿ, ಬೆಳಿಗ್ಗೆ ಒಂದು ಟ್ರಿಪ್ಪು, ಸಂಜೆ ಒಂದು ಟ್ರಿಪ್ಪು. ಬಾಡಿಗೆ ಕೊಡುವ ಮೊದಲು ಆ ಗಾಡಿಯ ಇನ್ಶೂರೆನ್ಸ್ ತಾರೀಖು ನೀವೇ ಓದಿ ನೋಡಿ. ಅದರಲ್ಲಿ ಎಷ್ಟು ಸೀಟಿಗೆ ಅಂತ ಬರೆದಿರುತ್ತದೆ, ಅಷ್ಟೇ ಜನ ಹತ್ತಿಸಿ.